7 ವರ್ಷ ಒಂದೇ ಕಂಪನಿ, ಈಗ ಬೆಂಗಳೂರಿನ ಇಂಟರ್‌ವ್ಯೂ: ಎಷ್ಟು ಕೇಳಬೇಕು, 90 ದಿನದ ನೋಟಿಸ್‌ಗೆ ಏನು ಮಾಡಬೇಕು?

ಬೈಕಂಪಾಡಿ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬೈಕಂಪಾಡಿಯ ಒಂದು ಕಾರ್ಖಾನೆಯ ಅಕೌಂಟ್ಸ್‌ನಲ್ಲಿ 7 ವರ್ಷ 4 ತಿಂಗಳಿನಿಂದ ಇದ್ದೇನೆ. ಎಂ.ಕಾಂ. ಜಿಎಸ್‌ಟಿ ರಿಟರ್ನ್, ಟಿಡಿಎಸ್, ತಿಂಗಳ ಕ್ಲೋಸಿಂಗ್ (ತಿಂಗಳ ಲೆಕ್ಕ ಮುಗಿಸುವುದು), ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಎಲ್ಲ ನನ್ನ ಕೈಯಲ್ಲೇ ಆಗುವುದು. ಸಿಟಿಸಿ (ಕಂಪನಿ ನನ್ನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 7.2 ಲಕ್ಷ, ಬೇಸಿಕ್ (ತಿಂಗಳ ಮೂಲ ವೇತನ) 28,500, ತಿಂಗಳಿಗೆ ಕೈಗೆ ಬರುವುದು 54,800. ಕುಳಾಯಿಯಲ್ಲಿ ಸ್ವಂತ ಮನೆ, ಬಾಡಿಗೆ ಇಲ್ಲ.

ಬೆಂಗಳೂರಿನ ಒಂದು ಕಂಪನಿಯವರು ಅಸಿಸ್ಟೆಂಟ್ ಮ್ಯಾನೇಜರ್ ಕೆಲಸಕ್ಕೆ ಕರೆದಿದ್ದಾರೆ. ಎಚ್‌ಆರ್ ಫೋನಲ್ಲಿ "11 ಲಕ್ಷದವರೆಗೆ ಕೊಡಬಹುದು" ಅಂದರು. ಮುಂದಿನ ಗುರುವಾರ ವಿಡಿಯೋದಲ್ಲಿ ಮೊದಲ ಸುತ್ತು, ಅದು ಆದರೆ ಎರಡನೆಯದು ಬೆಂಗಳೂರಲ್ಲೇ. ಮೂರು ಪ್ರಶ್ನೆ ಉಂಟು. "ನಿಮ್ಮ ಬಗ್ಗೆ ಹೇಳಿ" ಅಂದರೆ ಎಲ್ಲಿಂದ ಶುರು ಮಾಡುವುದು? ಸಂಬಳ ಎಷ್ಟು ಕೇಳುವುದು? ನನ್ನ ನೋಟಿಸ್ ಪೀರಿಯಡ್ 90 ದಿನ, ಅವರಿಗೆ 30 ದಿನದಲ್ಲಿ ಬೇಕಂತೆ, ಅದಕ್ಕೆ ಎಂತ ಮಾಡುವುದು?

ಮನೆಯಲ್ಲಿ ಎಲ್ಲರೂ "ಅರ್ಧಕ್ಕಿಂತ ಜಾಸ್ತಿ ಏರಿಕೆ ಅಲ್ವಾ, ಹೋಗು" ಅಂತಿದ್ದಾರೆ. ತಿಳಿದವರು ಹೇಳಿ.

ಪೇರೋಲ್ ಬಿಜೈ

ಎರಡನೇ ಪ್ರಶ್ನೆಯನ್ನು ಮೊದಲು ಹಿಡಿಯುವ. ಹೋಗಬೇಕೋ ಬೇಡವೋ ಅನ್ನುವುದೇ ಅದರ ಮೇಲೆ ನಿಂತಿದೆ. 7.2ರಿಂದ 11 ಅಂದರೆ ಕಾಗದದಲ್ಲಿ ಶೇ. 53 ಏರಿಕೆ, ಸರಿ. ಕೈಗೆ ಬರುವುದರಲ್ಲಿ ಅಷ್ಟಿಲ್ಲ. ನೀವೇ ಲೆಕ್ಕದವರು, ಬಿಡಿಸಿ ನೋಡಿ.

11,00,000ದಲ್ಲಿ ಶೇ. 10 ವೇರಿಯಬಲ್ ಅಂತ ಇಟ್ಟುಕೊಳ್ಳಿ. 1,10,000 ಬದಿಗೆ ಹೋಯಿತು; ಅದು ವರ್ಷದ ಕೊನೆಗೆ ರೇಟಿಂಗ್ ನೋಡಿ ಕೊಡುವ ದುಡ್ಡು, ಪೂರ್ತಿ ಬಂದೀತು, ಅರ್ಧವೂ ಬಂದೀತು. ಬೇಸಿಕ್ ತಿಂಗಳಿಗೆ 40,000 ಆದರೆ ಕಂಪನಿ ಪಾಲಿನ ಪಿಎಫ್ ಶೇ. 12, ವರ್ಷಕ್ಕೆ 57,600. ಗ್ರಾಚ್ಯುಟಿ (ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಕೊಡುವ ದುಡ್ಡು) ಹೆಸರಲ್ಲಿ ಬೇಸಿಕ್‌ನ ಶೇ. 4.81, ಅಂದರೆ 23,088. ಗ್ರೂಪ್ ಇನ್ಶೂರೆನ್ಸ್ ಪ್ರೀಮಿಯಂ 12,000 ಹಾಕಿದ್ದಾರೆ ಅನ್ನಿ. ಎಲ್ಲ ಕಳೆದರೆ ಉಳಿಯುವುದು 8,97,312, ತಿಂಗಳಿಗೆ 74,776. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 4,800 ಮತ್ತು ವೃತ್ತಿ ತೆರಿಗೆ 200 ಹೋಗಿ ಕೈಗೆ 69,776. (2025ರ ತಿದ್ದುಪಡಿಯ ನಂತರ ಫೆಬ್ರವರಿ ಒಂದು ತಿಂಗಳು ವೃತ್ತಿ ತೆರಿಗೆ 300.) ಆದಾಯ ತೆರಿಗೆ ಈ ಮಟ್ಟದಲ್ಲಿ ಬೀಳುವುದಿಲ್ಲ. 2025ರ ಏಪ್ರಿಲ್‌ನಿಂದ ಹೊಸ ಪದ್ಧತಿಯಲ್ಲಿ 75,000 ಸ್ಟಾಂಡರ್ಡ್ ಡಿಡಕ್ಷನ್ ಕಳೆದು 12 ಲಕ್ಷದೊಳಗೆ ನಿಂತರೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ ಆಗುತ್ತದೆ.

11 ಲಕ್ಷವನ್ನು 12ರಿಂದ ಭಾಗಿಸಿದರೆ 91,667. ಮನೆಯವರ ತಲೆಯಲ್ಲಿ ಇರುವುದು ಈ ಅಂಕಿ. ಪಾಸ್‌ಬುಕ್ಕಿಗೆ ಬೀಳುವುದು 69,776. ಈಗಿನದಕ್ಕಿಂತ ಸುಮಾರು 15,000 ಹೆಚ್ಚು, ಅಂದರೆ ಶೇ. 27. ಬೆಂಗಳೂರಲ್ಲಿ ಬಾಡಿಗೆ 18,000 ಅಂತ ಹಿಡಿದರೆ ಆ 15,000 ಅಲ್ಲಿಗೇ ಹೋಯಿತು, ಮೇಲಿಂದ 3,000 ಕೈಯಿಂದ. ಕುಳಾಯಿಯ ಮನೆಗೆ ಬೆಲೆ ಕಟ್ಟದೆ ಈ ಆಫರ್ ನೋಡಬೇಡಿ. ಬಾಡಿಗೆ ಮನೆಯ ಅಡ್ವಾನ್ಸ್ ಅಂತ ಕೆಲವು ತಿಂಗಳ ಬಾಡಿಗೆ ಒಟ್ಟಿಗೇ ಕೊಡಬೇಕು, ಅದೂ ತಲೆಯಲ್ಲಿ ಇರಲಿ.

ಇನ್ನೊಂದು ಬದಿಯನ್ನೂ ಹೇಳಬೇಕು. ಪಿಎಫ್ ಕಳೆದುಹೋದ ದುಡ್ಡಲ್ಲ. ಈಗ ನಿಮ್ಮ ಕಂಪನಿ 15,000ದ ಮಿತಿಗೆ ಮಾತ್ರ ಪಿಎಫ್ ಕಟ್ಟುವ ಹಾಗೆ ಕಾಣುತ್ತದೆ, ಅಂದರೆ ಎರಡೂ ಪಾಲು ಸೇರಿ 3,600. ಅಲ್ಲಿ 9,600 ಆಗುತ್ತದೆ. ಅದರಲ್ಲಿ 1,250 ಪೆನ್ಶನ್ ಖಾತೆಗೆ ಹೋಗಿ 8,350 ನಿಮ್ಮ ಪಿಎಫ್‌ನಲ್ಲಿ ಕೂತು ಬಡ್ಡಿ ತರುತ್ತದೆ. ತಿಂಗಳ ಖರ್ಚಿಗೆ ಕೈಯಲ್ಲಿ ಬೇಕೆನ್ನುವವರಿಗೆ ಕೆಲವು ಕಂಪನಿಗಳು ಸೇರುವಾಗ ಪಿಎಫನ್ನು 1,800ಕ್ಕೆ ಮಿತಿಗೊಳಿಸುವ ಆಯ್ಕೆ ಕೊಡುತ್ತವೆ. ಹಾಗೆ ಮಾಡಿದರೆ ಮೇಲಿನ ಲೆಕ್ಕದಲ್ಲಿ ಕೈಗೆ 6,000 ಹೆಚ್ಚು ಬರುತ್ತದೆ. ಆದರೆ ಸೇರುವ ದಿನ ಬಿಟ್ಟರೆ ಆಮೇಲೆ ಬದಲಿಸುವುದು ಕಷ್ಟ.

ಹಾಗಾದರೆ ಎಷ್ಟು ಕೇಳುವುದು? ಈಗಿನ 54,800ಕ್ಕೆ ಬಾಡಿಗೆ 18,000, ಊರಿಗೆ ಬಂದುಹೋಗುವುದು ಮತ್ತು ಊಟದ ಹೆಚ್ಚುವರಿ ಖರ್ಚು 6,000 ಸೇರಿಸಿ. 78,800. ಇಷ್ಟು ಕೈಗೆ ಬಂದರೆ ನೀವು ಈಗ ಇದ್ದಲ್ಲೇ ಇದ್ದ ಹಾಗೆ. ಮೇಲಿನ ಲೆಕ್ಕದಲ್ಲಿ ಸಿಟಿಸಿಯ ಶೇ. 76 ಕೈಗೆ ಬಂದಿದೆ, ಅದೇ ಪ್ರಮಾಣ ಹಿಡಿದರೆ 12.4 ಲಕ್ಷದ ಸುತ್ತ. ಹಾಗಾಗಿ 13.5 ಕೇಳಿ, 12.5ರ ಕೆಳಗೆ ಇಳಿಯಬೇಡಿ. ಅಥವಾ 11ರಲ್ಲೇ ನಿಂತರೆ, ತಿಂಗಳಿಗೆ ಎರಡು ವಾರ ಮಂಗಳೂರಿನಿಂದ ಕೆಲಸ ಮಾಡಲಿಕ್ಕೆ ಲಿಖಿತ ಒಪ್ಪಿಗೆ ಕೇಳಿ. ಬಾಡಿಗೆ ಮನೆ ಬದಲು ಪಿ.ಜಿ. ಸಾಕಾದರೆ ಲೆಕ್ಕವೇ ಬೇರೆ.

ಕದ್ರಿ ಗುಡ್ಡೆ

ಬಿಜೈಯವರ ಲೆಕ್ಕ ಸರಿ ಉಂಟು. ಆದರೆ 13.5 ಅನ್ನುವ ಅಂಕಿಯನ್ನು ಮೊದಲ ಸುತ್ತಲ್ಲೇ ಬಾಯಿಬಿಡಬೇಡಿ. 11 ಅಂತ ಅವರೇ ಒಂದು ಮಿತಿ ಹೇಳಿಬಿಟ್ಟಿದ್ದಾರೆ. ಇನ್ನೂ ನಿಮ್ಮನ್ನು ಅಳೆಯದವರ ಮುಂದೆ 13.5 ಅಂದರೆ ಎಚ್‌ಆರ್ ಅಲ್ಲೇ ಗೆರೆ ಎಳೆದು ಮುಂದಿನ ಹೆಸರು ನೋಡುತ್ತಾರೆ. ಮೊದಲ ಸುತ್ತಲ್ಲಿ ಕೇಳಿದರೆ ಇಷ್ಟೇ ಹೇಳಿ: "11 ಅಂದರೆ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು ತಿಳಿಸಿ. ಕೆಲಸದ ಹೊಣೆ ಪೂರ್ತಿ ಗೊತ್ತಾದ ಮೇಲೆ ನನ್ನ ಅಂಕಿ ಹೇಳುತ್ತೇನೆ." ಎರಡನೇ ಸುತ್ತು ಮುಗಿದು ಅವರಿಗೆ ನೀವೇ ಬೇಕು ಅನಿಸಿದ ಮೇಲೆ ಬಿಜೈಯವರ ಲೆಕ್ಕದ ಹಾಳೆ ತೆಗೆಯಿರಿ. ಈಗಿನ ಸಂಬಳ ಕೇಳಿದರೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮೂರು ತಿಂಗಳ ಪೇ ಸ್ಲಿಪ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಹೇಗೂ ಕೇಳುತ್ತಾರೆ. ಏರಿಸಿ ಹೇಳಿದ್ದು ಅಲ್ಲಿ ಸಿಕ್ಕಿಬಿದ್ದರೆ ಆಫರ್ ರದ್ದು.

ಈಗ ಇಂಟರ್‌ವ್ಯೂ. "ನಿಮ್ಮ ಬಗ್ಗೆ ಹೇಳಿ" ಅಂದಾಗ ಊರು, ತಂದೆಯ ಹೆಸರು, ಪಿಯುಸಿಯ ಅಂಕ, ಹವ್ಯಾಸ ಯಾವುದೂ ಬೇಡ. ಒಂದೂವರೆ ನಿಮಿಷ, ಮೂರು ಸಂಗತಿ: ನಿಮ್ಮ ಕೆಲಸದ ಗಾತ್ರ, ನೀವು ಬದಲಿಸಿದ ಒಂದು ವಿಷಯ, ಈ ಕೆಲಸಕ್ಕೆ ಯಾಕೆ ಬಂದಿರಿ. ಉದಾಹರಣೆಗೆ: "ಮೂರು ಗೋದಾಮು, ತಿಂಗಳಿಗೆ 1,400 ಖರೀದಿ ಬಿಲ್, ಎರಡು ರಾಜ್ಯದ ಜಿಎಸ್‌ಟಿ ನೋಂದಣಿ ನೋಡಿಕೊಳ್ಳುತ್ತೇನೆ. ಕ್ಲೋಸಿಂಗ್ 9ನೇ ತಾರೀಕಿಗೆ ಮುಗಿಯುತ್ತಿತ್ತು, ಈಗ 5ಕ್ಕೆ ಮುಗಿಯುತ್ತದೆ. ಗೋದಾಮಿನಿಂದ ಜಿಆರ್‌ಎನ್ (ಸರಕು ಬಂದದ್ದಕ್ಕೆ ಬರೆಯುವ ಚೀಟಿ) ತಡವಾಗಿ ಬರುವುದೇ ಕಾರಣವಾಗಿತ್ತು. 25ನೇ ತಾರೀಕಿನ ನಂತರದ ಜಿಆರ್‌ಎನ್‌ಗಳನ್ನು ದಿನಾ ಸಂಜೆ ತರಿಸಿಕೊಂಡು, ಬಿಲ್ ಬಾರದ ಸರಕಿಗೆ ಪ್ರೊವಿಷನ್ (ಅಂದಾಜು ಖರ್ಚಿನ ನಮೂದು) ಹಾಕಲಿಕ್ಕೆ ಶುರು ಮಾಡಿದೆ." ಅಂಕಿಗಳು ನಿಮ್ಮವೇ ಇರಬೇಕು, ನಾನು ಮಾದರಿಗೆ ಹಾಕಿದ್ದು.

ಇಷ್ಟು ಹೇಳಿದ ಕೂಡಲೇ ಎರಡನೇ ಪ್ರಶ್ನೆ ಬರುತ್ತದೆ, ಹೆಚ್ಚಿನವರು ಜಾರುವುದು ಅಲ್ಲೇ. "ಆ ಪ್ರೊವಿಷನ್ ರಿವರ್ಸ್ ಮಾಡುವುದು ಯಾವಾಗ? ಬಿಲ್ ಬೇರೆ ಮೊತ್ತಕ್ಕೆ ಬಂದರೆ? ಪ್ರೊವಿಷನ್ ಹಾಕಿದ ತಿಂಗಳು ಇನ್‌ಪುಟ್ ಟ್ಯಾಕ್ಸ್ (ಖರೀದಿಗೆ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್) ತೆಗೆದುಕೊಂಡಿರಾ?" ಮೂರನೆಯದಕ್ಕೆ ಉತ್ತರ "ಇಲ್ಲ" ಎಂದಿರಬೇಕು: ಬಿಲ್ ಕೈಯಲ್ಲಿ ಇಲ್ಲದೆ, 2ಬಿಯಲ್ಲಿ (ಸಪ್ಲೈಯರ್‌ಗಳು ಹಾಕಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿ) ಕಾಣದೆ ಕ್ರೆಡಿಟ್ ಇಲ್ಲ. ರೆಸ್ಯೂಮೆಯಲ್ಲಿ ಬರೆದ ಪ್ರತಿ ಸಾಲಿಗೂ ಹೀಗೆ ಮೂರು ಅಡ್ಡ ಪ್ರಶ್ನೆ ನೀವೇ ಬರೆದು ಉತ್ತರ ಹೇಳಿ ನೋಡಿ. ಮೂರನೆಯದಕ್ಕೆ ತಡವರಿಸಿದರೆ ಆ ಸಾಲನ್ನು ರೆಸ್ಯೂಮೆಯಿಂದ ತೆಗೆಯುವುದೇ ಒಳ್ಳೆಯದು.

ಜಿಎಸ್‌ಟಿಯಲ್ಲಿ ತಾರೀಕು ಕೇಳಿಯೇ ಕೇಳುತ್ತಾರೆ. ತಿಂಗಳ ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) 11ಕ್ಕೆ, 2ಬಿ ತಯಾರಾಗುವುದು 14ಕ್ಕೆ, 3ಬಿ (ತೆರಿಗೆ ಕಟ್ಟುವ ರಿಟರ್ನ್) 20ಕ್ಕೆ. ಅದು ಬಾಯಿಪಾಠ, ಅದರಲ್ಲಿ ಅಂಕ ಇಲ್ಲ. ಅಂಕ ಇರುವುದು ಸಂದರ್ಭದ ಪ್ರಶ್ನೆಯಲ್ಲಿ. "ಒಬ್ಬ ಸಣ್ಣ ಸಪ್ಲೈಯರ್‌ನ ಬಿಲ್ 200 ದಿನ ಆದರೂ ಪಾವತಿ ಆಗಿಲ್ಲ, ಏನಾಗುತ್ತದೆ?" ಇದಕ್ಕೆ ಎರಡು ಕೊಂಡಿ ಉಂಟು. ಒಂದು, ಬಿಲ್ ತಾರೀಕಿನಿಂದ 180 ದಿನ ದಾಟಿದ್ದರಿಂದ ತೆಗೆದುಕೊಂಡ ಇನ್‌ಪುಟ್ ಟ್ಯಾಕ್ಸ್ ಬಡ್ಡಿ ಸಮೇತ ವಾಪಸ್ ಹಾಕಬೇಕು, ಪಾವತಿ ಆದ ಮೇಲೆ ಮತ್ತೆ ತೆಗೆದುಕೊಳ್ಳಬಹುದು. ಎರಡು, ಅವರು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕರಾಗಿದ್ದರೆ ಆದಾಯ ತೆರಿಗೆಯಲ್ಲಿ ಕೂಡ ಪೆಟ್ಟು. ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಅದು ದಾಟಿ ವರ್ಷದ ಕೊನೆಗೂ ಬಾಕಿ ಉಳಿದರೆ ಆ ಖರ್ಚು ಆ ವರ್ಷ ಸಿಗುವುದಿಲ್ಲ, ಪಾವತಿ ಮಾಡಿದ ವರ್ಷಕ್ಕೆ ಹೋಗುತ್ತದೆ. ಹೆಚ್ಚಿನವರು ಮೊದಲನೆಯದು ಹೇಳಿ ಸುಮ್ಮನಾಗುತ್ತಾರೆ. ಎರಡನ್ನೂ ಹೇಳಿ "ಹಾಗಾಗಿ ಕ್ರೆಡಿಟರ್ಸ್ ಏಜಿಂಗ್‌ನಲ್ಲಿ (ಯಾರಿಗೆ ಎಷ್ಟು ದಿನದ ಬಾಕಿ ಅನ್ನುವ ಪಟ್ಟಿ) ಇಂಥವರಿಗೆ ಬೇರೆ ಗುರುತು ಹಾಕುತ್ತೇನೆ" ಅಂದರೆ ಮೇಜಿನ ಆಚೆ ಕೂತವರು ಪೆನ್ನು ತೆಗೆಯುತ್ತಾರೆ.

ಬೆಂಗಳೂರಿನ ಸುತ್ತಲ್ಲಿ ಲ್ಯಾಪ್‌ಟಾಪ್ ಕೊಟ್ಟು ಎಕ್ಸೆಲ್ ಪರೀಕ್ಷೆ ಮಾಡುವ ಸಾಧ್ಯತೆ ಹೆಚ್ಚು. ಒಂದು ಹಾಳೆಯಲ್ಲಿ ಖರೀದಿ ರಿಜಿಸ್ಟರ್, ಇನ್ನೊಂದರಲ್ಲಿ 2ಬಿ, ಅರ್ಧ ಗಂಟೆಯಲ್ಲಿ ತಾಳೆ ಹಾಕಿ ಅಂತಾರೆ. ಕೂಡಲೇ ಎಕ್ಸ್‌ಲುಕಪ್ (ಎರಡು ಹಾಳೆಯಲ್ಲಿ ಹುಡುಕಿ ಹೊಂದಿಸುವ ಸೂತ್ರ) ಹಾಕಿದರೆ ಅರ್ಧ ಬಿಲ್ ಸಿಗುವುದಿಲ್ಲ, ಗಾಬರಿ ಆಗುತ್ತದೆ. ಕಾರಣ ಬಿಲ್ ನಂಬರ್. ನಮ್ಮಲ್ಲಿ 0047 ಅಂತ ಇದ್ದದ್ದು ಅಲ್ಲಿ 47 ಆಗಿರುತ್ತದೆ, ಒಂದು ಕಡೆ ಓರೆಗೆರೆ, ಇನ್ನೊಂದು ಕಡೆ ಅಡ್ಡಗೆರೆ, ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್. ಮೊದಲು ಟ್ರಿಮ್ ಹಾಕಿ ಸ್ಪೇಸ್, ಮತ್ತೆ ಸಬ್‌ಸ್ಟಿಟ್ಯೂಟ್ ಹಾಕಿ ಗೆರೆಗಳನ್ನು ತೆಗೆಯಿರಿ, ನಂಬರಿನ ಆರಂಭದ ಸೊನ್ನೆ ತೆಗೆಯಿರಿ, ಆಮೇಲೆ ಜಿಎಸ್‌ಟಿಐಎನ್ (ಸಪ್ಲೈಯರ್‌ನ ಜಿಎಸ್‌ಟಿ ನೋಂದಣಿ ಸಂಖ್ಯೆ) ಮತ್ತು ಬಿಲ್ ನಂಬರ್ ಜೋಡಿಸಿ ಒಂದು ಕೀ ಕಾಲಂ ಮಾಡಿ. ಮೊತ್ತವನ್ನು ಕೀಯಲ್ಲಿ ಸೇರಿಸಬೇಡಿ, ಒಂದು ರೂಪಾಯಿ ರೌಂಡ್ ಆಫ್ ವ್ಯತ್ಯಾಸಕ್ಕೆ ಎಲ್ಲ ತಪ್ಪಿಹೋಗುತ್ತದೆ. ಮೊತ್ತದ ವ್ಯತ್ಯಾಸಕ್ಕೆ ಪಕ್ಕದಲ್ಲೇ ಬೇರೆ ಕಾಲಂ ಇರಲಿ. ಉಳಿದದ್ದನ್ನು ಮೂರು ಗುಂಪು ಮಾಡಿ: ಪುಸ್ತಕದಲ್ಲಿ ಉಂಟು 2ಬಿಯಲ್ಲಿ ಇಲ್ಲ, 2ಬಿಯಲ್ಲಿ ಉಂಟು ಪುಸ್ತಕದಲ್ಲಿ ಇಲ್ಲ, ಎರಡರಲ್ಲೂ ಉಂಟು ಮೊತ್ತ ಬೇರೆ. ಸಮಯ ಮುಗಿದು ಪೂರ್ತಿ ಆಗದಿದ್ದರೂ ಈ ಮೂರು ತಲೆಬರಹ ಹಾಕಿ ತೋರಿಸಿದವರಿಗೆ ಬೆಲೆ ಉಂಟು.

ಮತ್ತೊಂದು ವಿಷಯ. ನಮ್ಮ ಕರಾವಳಿಯವರು ಎಲ್ಲದಕ್ಕೂ "ನಾವು ಮಾಡಿದೆವು" ಅನ್ನುತ್ತೇವೆ. ಅದು ಮರ್ಯಾದೆಯ ಮಾತು, ಆದರೆ ಕೇಳುವವರಿಗೆ ನೀವು ಮಾಡಿದ್ದು ಯಾವುದು, ಪಕ್ಕದ ಮೇಜಿನವರು ಮಾಡಿದ್ದು ಯಾವುದು ಗೊತ್ತಾಗುವುದಿಲ್ಲ. ನೀವು ಮಾಡಿದ್ದಕ್ಕೆ "ನಾನು" ಅನ್ನಿ. ಇಂಟರ್‌ವ್ಯೂ ಇಂಗ್ಲಿಷಲ್ಲಿ ಇರುತ್ತದೆ. ವಿಷಯವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಂಡು, ಇಂಗ್ಲಿಷಲ್ಲಿ ಗಟ್ಟಿಯಾಗಿ ಮೂರು ಸಲ ಹೇಳಿ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ. ಬಾಯಿಪಾಠ ಬೇಡ, ಒಂದು ಪದ ಮರೆತರೆ ಇಡೀ ಮಾತು ನಿಂತುಬಿಡುತ್ತದೆ.

ಗೊತ್ತಿಲ್ಲದ್ದು ಬಂದರೆ: "ಇಂಥದ್ದು ನನ್ನ ಕೈಗೆ ಬಂದಿಲ್ಲ. ಬಂದರೆ ಮೊದಲು ಒಪ್ಪಂದದ ಷರತ್ತು, ಆಮೇಲೆ ಕಾನೂನಿನ ಕಲಂ ನೋಡುತ್ತೇನೆ." ಅಷ್ಟೇ. ಊಹಿಸಿ ಹೇಳಿದ ಒಂದು ತಪ್ಪು ಉತ್ತರ ಐದು ಸರಿ ಉತ್ತರಗಳನ್ನು ಮುಳುಗಿಸುತ್ತದೆ.

ಮುಡಿಪು ದಾರಿ

ವಿಡಿಯೋ ಸುತ್ತಿನ ಬಗ್ಗೆ ಎರಡು ಮಾತು. ಮಳೆಗಾಲ, ಮೆಸ್ಕಾಂ ಕರೆಂಟ್ ನಂಬಿ ಕೂರಬೇಡಿ. ಮನೆಗೆ ಇನ್ವರ್ಟರ್ ಇದ್ದರೂ ರೂಟರ್ ಅದರ ಲೈನಿನಲ್ಲಿ ಉಂಟಾ ಅಂತ ಮೇನ್ ಸ್ವಿಚ್ ಇಳಿಸಿ ನೋಡಿ. ಬೇರೆ ಕಂಪನಿಯ ಸಿಮ್ ಇರುವ ಫೋನಲ್ಲಿ ಹಾಟ್‌ಸ್ಪಾಟ್ ಸಿದ್ಧ ಇರಲಿ, ಲ್ಯಾಪ್‌ಟಾಪನ್ನು ಹಿಂದಿನ ದಿನವೇ ಒಮ್ಮೆ ಅದಕ್ಕೆ ಜೋಡಿಸಿಡಿ. ಹಂಚಿನ ಮಾಡು ಅಥವಾ ಶೀಟಿನ ಕೆಳಗೆ ಮಳೆಯ ಸದ್ದಿಗೆ ನಿಮ್ಮ ಮಾತು ಆಚೆಗೆ ಕೇಳುವುದಿಲ್ಲ, ಮೈಕ್ ಇರುವ ಇಯರ್‌ಫೋನ್ ಬೇಕೇ ಬೇಕು. ಕಿಟಕಿ ಎದುರಿಗೆ ಇರಲಿ, ಬೆನ್ನಿಗೆ ಬೇಡ.

ಬೆಂಗಳೂರಿನ ಸುತ್ತಿಗೆ ಹಿಂದಿನ ರಾತ್ರಿಯ ಬಸ್ಸಿಗೆ ಕೂತು ಬೆಳಗ್ಗೆ 10ಕ್ಕೆ ಇಂಟರ್‌ವ್ಯೂ ಅಂತ ಮಾಡಬೇಡಿ. ಶಿರಾಡಿಯಲ್ಲಿ ಗುಡ್ಡ ಜರಿದರೆ ಗಾಡಿಗಳು ಚಾರ್ಮಾಡಿಗೆ ತಿರುಗುತ್ತವೆ, ಅಲ್ಲಿ ಸಾಲು ನಿಂತರೆ ಮಧ್ಯಾಹ್ನ ಆದೀತು. ಸಕಲೇಶಪುರ ಘಾಟಿಯಲ್ಲಿ ರೈಲಿಗೂ ಇದೇ ಕಥೆ. ಒಂದು ದಿನ ಮೊದಲು ಹಗಲಲ್ಲೇ ಹೋಗಿ. ಆಗದಿದ್ದರೆ ಮಧ್ಯಾಹ್ನ 2ರ ನಂತರದ ಸಮಯ ಕೇಳಿ, ಮಂಗಳೂರಿನಿಂದ ಬರುತ್ತೇನೆ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ಅಂಬಲಪಾಡಿ ಅಕೌಂಟ್ಸ್

ನಡುವೆ ಕೇಳುತ್ತಿದ್ದೇನೆ, ಬೇಸರ ಮಾಡಬೇಡಿ. ನಾನು ಉಡುಪಿಯಲ್ಲಿ ಇದೇ ಕ್ಷೇತ್ರದಲ್ಲಿ 5 ವರ್ಷ ಕೆಲಸ ಮಾಡಿ, ಮಗು ಆದ ಮೇಲೆ 3 ವರ್ಷ ಬಿಟ್ಟಿದ್ದೇನೆ. ಈಗ ಮಣಿಪಾಲದಲ್ಲಿ ಒಂದು ಕಡೆ ಕರೆದಿದ್ದಾರೆ. ಆ 3 ವರ್ಷದ ಬಗ್ಗೆ ಹೇಗೆ ಹೇಳುವುದು?

ಕದ್ರಿ ಗುಡ್ಡೆ

ಅಕ್ಕ, ಬೇಸರ ಎಂತದ್ದು. ಎರಡು ವಾಕ್ಯ ಸಾಕು: "ಮಗುವಿನ ಆರೈಕೆಗೆ 3 ವರ್ಷ ಬಿಟ್ಟಿದ್ದೆ, ಈಗ ಪೂರ್ಣ ಸಮಯ ಬರಲಿಕ್ಕೆ ಮನೆಯಲ್ಲಿ ವ್ಯವಸ್ಥೆ ಆಗಿದೆ. ಈ ನಡುವೆ ಬದಲಾದದ್ದನ್ನು ಓದಿಕೊಂಡಿದ್ದೇನೆ." ಕ್ಷಮೆ ಕೇಳುವ ಧ್ವನಿ ಬೇಡ, ಉದ್ದದ ವಿವರಣೆಯೂ ಬೇಡ. ಮುಂದಿನ ಮಗುವಿನ ಬಗ್ಗೆ ಕೇಳಿದರೆ "ಕೆಲಸದ ವೇಳೆಗೆ ತೊಂದರೆ ಇಲ್ಲ" ಅಂದು ವಿಷಯಕ್ಕೆ ಬನ್ನಿ.

"ಬದಲಾದದ್ದು" ಅಂದ ಮೇಲೆ ಅದು ಗೊತ್ತಿರಲೇಬೇಕು. 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿಸುವ ಬಿಲ್) 5 ಕೋಟಿ ವಹಿವಾಟು ದಾಟಿದವರಿಗೂ ಬಂತು. 2024ರ ಅಕ್ಟೋಬರ್‌ನಿಂದ ಜಿಎಸ್‌ಟಿ ಪೋರ್ಟಲಿನಲ್ಲಿ ಐಎಂಎಸ್ ಬಂತು: ಸಪ್ಲೈಯರ್ ಹಾಕಿದ ಬಿಲ್ಲನ್ನು ಒಪ್ಪುವುದು, ತಿರಸ್ಕರಿಸುವುದು, ಬಾಕಿ ಇಡುವುದು ಅಲ್ಲೇ, ಏನೂ ಮಾಡದಿದ್ದರೆ ಒಪ್ಪಿದ ಹಾಗೆ. 2025ರ ಏಪ್ರಿಲ್ 1ರಿಂದ 10 ಕೋಟಿ ದಾಟಿದವರು ಬಿಲ್ ತಾರೀಕಿನಿಂದ 30 ದಿನದೊಳಗೆ ಇ-ಇನ್‌ವಾಯ್ಸ್ ಮಾಡಬೇಕು, ತಡವಾದರೆ ಪೋರ್ಟಲ್ ತೆಗೆದುಕೊಳ್ಳುವುದಿಲ್ಲ. ಸಾಧ್ಯವಾದರೆ ಹತ್ತಿರದ ಸಿ.ಎ. ಆಫೀಸಿನಲ್ಲಿ ಒಂದೆರಡು ತಿಂಗಳು ರಿಟರ್ನ್ ಕೆಲಸಕ್ಕೆ ಕೂತು ಬನ್ನಿ. ಐಎಂಎಸ್ ಪರದೆ ಕಣ್ಣಾರೆ ನೋಡಿದವರು ಮಾತಾಡುವ ರೀತಿಯೇ ಬೇರೆ.

ರೆಸ್ಯೂಮೆಯಲ್ಲಿ ತಾರೀಕು ಎಳೆದು ಗ್ಯಾಪ್ ಮುಚ್ಚಬೇಡಿ. ಪಿಎಫ್ ದಾಖಲೆಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತದೆ, ಪರಿಶೀಲನೆ ಮಾಡುವವರು ಮೊದಲು ನೋಡುವುದೇ ಅದನ್ನು.

ಸುರತ್ಕಲ್ ಎಚ್‌ಆರ್

ನೋಟಿಸ್ ವಿಷಯಕ್ಕೆ ಬರುತ್ತೇನೆ. ಬೈಕಂಪಾಡಿಯವರೇ, ಮೊದಲು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಆ ಒಂದು ಪ್ಯಾರಾ ಓದಿ. 90 ದಿನದ ಬದಲು ದುಡ್ಡು ಕಟ್ಟಿ ಹೋಗಬಹುದಾ, ಕಟ್ಟುವುದು ಬೇಸಿಕ್ ಲೆಕ್ಕದಲ್ಲಾ ಗ್ರಾಸ್ (ಕಡಿತಕ್ಕೆ ಮೊದಲಿನ ತಿಂಗಳ ಸಂಬಳ) ಲೆಕ್ಕದಲ್ಲಾ, ಅದು ನಿಮ್ಮ ಹಕ್ಕಾ ಅಥವಾ ಕಂಪನಿ ಒಪ್ಪಿದರೆ ಮಾತ್ರವಾ. 60 ದಿನ ಕಡಿಮೆ ಮಾಡಿದರೆ ಬೇಸಿಕ್ ಲೆಕ್ಕದಲ್ಲಿ 57,000, ಗ್ರಾಸ್ ಸುಮಾರು 56,800 ಇದ್ದರೆ ಆ ಲೆಕ್ಕದಲ್ಲಿ 1,13,600. ಒಂದೇ ಶಬ್ದಕ್ಕೆ ಅರ್ಧ ಲಕ್ಷಕ್ಕಿಂತ ಹೆಚ್ಚು ವ್ಯತ್ಯಾಸ. ಇದರ ಮೇಲೆ 18 ಶೇಕಡಾ ಜಿಎಸ್‌ಟಿ ಹಾಕಿದರೆ ಒಪ್ಪಬೇಡಿ. ನೋಟಿಸ್ ಪೇಗೆ ಜಿಎಸ್‌ಟಿ ಇಲ್ಲ ಅಂತ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆ 178ರಲ್ಲಿ ಸ್ಪಷ್ಟ ಮಾಡಿದೆ. ಈ ನೋಟಿಸ್ ದುಡ್ಡನ್ನು ಹೊಸ ಕಂಪನಿ ಕೊಡುವುದಾದರೆ ಆಫರ್ ಲೆಟರಿನಲ್ಲಿ ಬರೆಸಿಕೊಳ್ಳಿ, ಮತ್ತು "ವರ್ಷದೊಳಗೆ ಬಿಟ್ಟರೆ ವಾಪಸ್" ಅನ್ನುವ ಸಾಲು ಉಂಟಾ ನೋಡಿ.

ಈಗ ನಿಮಗೆ ಯಾರೂ ಹೇಳದ ಒಂದು ವಿಷಯ. ನಿಮ್ಮ ಸರ್ವಿಸ್ 7 ವರ್ಷ 4 ತಿಂಗಳು. ಗ್ರಾಚ್ಯುಟಿ ಲೆಕ್ಕ: ಕೊನೆಯ ಬೇಸಿಕ್ ಗುಣಿಸು 15, ಭಾಗಿಸು 26, ಗುಣಿಸು ವರ್ಷ. ವರ್ಷ ಎಣಿಸುವಾಗ 6 ತಿಂಗಳು ದಾಟಿದ ತುಂಡು ಪೂರ್ತಿ ಒಂದು ವರ್ಷ, ದಾಟದಿದ್ದರೆ ಸೊನ್ನೆ. 30 ದಿನದಲ್ಲಿ ಹೊರಟರೆ ನೀವು 7 ವರ್ಷ 5 ತಿಂಗಳಿಗೆ ಹೊರಟಿರಿ, ಸಿಗುವುದು 1,15,096. 90 ದಿನ ಪೂರ್ತಿ ಮಾಡಿದರೆ 7 ವರ್ಷ 7 ತಿಂಗಳು, ಅದು 8 ವರ್ಷ ಅಂತ ಲೆಕ್ಕ, 1,31,538. ಅವಸರದಲ್ಲಿ ಹೋದರೆ 16,442 ರೂಪಾಯಿ ಅಲ್ಲೇ ಬಿಟ್ಟು ಹೋದ ಹಾಗೆ. ಹಾಗಾಗಿ 30 ದಿನಕ್ಕೆ ಒಪ್ಪಬೇಡಿ. "60 ದಿನದಲ್ಲಿ ಪ್ರಯತ್ನಿಸುತ್ತೇನೆ" ಅಂತ ಹೇಳಿ ಮಾತುಕತೆ ಶುರು ಮಾಡಿ, ಆದರೆ ಕೊನೆಯ ದಿನ 7 ವರ್ಷ 6 ತಿಂಗಳು ದಾಟಿದ ಮೇಲೆಯೇ ಬೀಳುವಂತೆ ಸೇರಿದ ತಾರೀಕು ಹಿಡಿದು ಎಣಿಸಿ.

ರಾಜೀನಾಮೆ ಕೊಡುವ ಕ್ರಮ ಹೀಗೆ. ಫೋನಲ್ಲಿ ಆಯ್ತು ಅಂದರು, ವಾಟ್ಸಾಪಲ್ಲಿ ಅಭಿನಂದನೆ ಬಂತು, ಅದಕ್ಕೆಲ್ಲ ರಾಜೀನಾಮೆ ಇಲ್ಲ. ಸಹಿ ಇರುವ ಆಫರ್ ಲೆಟರ್, ಸಂಬಳದ ವಿಭಜನೆಯ ಹಾಳೆ, ಸೇರುವ ತಾರೀಕು, ಕೆಲಸದ ಸ್ಥಳ ಇಷ್ಟೂ ಕೈಗೆ ಬರಬೇಕು. ಬ್ಯಾಕ್‌ಗ್ರೌಂಡ್ ಪರಿಶೀಲನೆ ಸೇರುವ ಮೊದಲಾ, ಆಮೇಲಾ ಅಂತ ಕೇಳಿ. ಆಮೇಲೆ ಅಂದರೆ ದಾಖಲೆ ಈಗಲೇ ಕಳಿಸಿ, ಮೊದಲೇ ಮುಗಿಸಿ ಅನ್ನಿ. ಆಮೇಲೆ ಮೇಲಧಿಕಾರಿಗೆ ಎದುರಲ್ಲಿ ಹೇಳಿ, ಅದೇ ದಿನ ಮೇಲ್ ಹಾಕಿ. 90 ದಿನ ಎಣಿಸುವುದು ಮೇಲ್ ತಾರೀಕಿನಿಂದ. ಮೇಲಿನಲ್ಲಿ ಕೊನೆಯ ದಿನವನ್ನು ತಾರೀಕು ಸಮೇತ ಬರೆಯಿರಿ. ನೋಟಿಸ್‌ನಲ್ಲಿ ರಜೆ ಹಾಕಿದರೆ ಅಷ್ಟು ದಿನ ಮುಂದೆ ಹೋಗುವ ನಿಯಮ ಹಲವು ಕಡೆ ಉಂಟು. ಮನೆಯಲ್ಲಿ ಮದುವೆ, ನೇಮ, ಕೋಲ ಇದ್ದರೆ ಮೊದಲೇ ಲೆಕ್ಕ ಹಾಕಿ.

ಹೊಸ ಕಂಪನಿ ಬಾಂಡ್ ಕೇಳಿದರೆ ಸಹಿ ಹಾಕುವ ಮೊದಲು ಮೊತ್ತ ನೋಡಿ. "ಬಾಂಡ್ ಕೋರ್ಟಲ್ಲಿ ನಿಲ್ಲುವುದಿಲ್ಲ" ಅಂತ ಹೇಳುವವರ ಮಾತು ಕೇಳಬೇಡಿ. ಹಿಂದಿನ ವಿಜಯಾ ಬ್ಯಾಂಕಿನ ಪ್ರಕರಣ: 3 ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕೊಡಬೇಕು ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಕೆಲಸದಲ್ಲಿ ಇರುವಾಗ ಅನ್ವಯಿಸುವ ಷರತ್ತು ಅದು. ಬಿಟ್ಟ ಮೇಲೆ "ಇನ್ನು 2 ವರ್ಷ ಬೇರೆಲ್ಲೂ ಈ ಕೆಲಸ ಮಾಡಬಾರದು" ಅನ್ನುವುದು ಬೇರೆ ಜಾತಿಯ ಷರತ್ತು, 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅದು ನಿಲ್ಲುವುದಿಲ್ಲ.

ಬೈಕಂಪಾಡಿ ಲೆಕ್ಕಿಗ

ಗ್ರಾಚ್ಯುಟಿಯ 6 ತಿಂಗಳ ವಿಷಯ ಬೇರೆಯವರಿಗೆ ಲೆಕ್ಕ ಹಾಕಿ ಕೊಡುತ್ತೇನೆ, ನನ್ನದಕ್ಕೆ ತಲೆಗೇ ಬರಲಿಲ್ಲ. ಎಲ್ಲರಿಗೂ ಉಪಕಾರ. ಇನ್ನೆರಡು ಕೇಳಿ ನಿಲ್ಲಿಸುತ್ತೇನೆ. ಬಾಸ್ "ಇಲ್ಲೇ ಇರು, 9 ಲಕ್ಷ ಮಾಡುತ್ತೇವೆ" ಅಂದರೆ? ಮತ್ತೆ ಬಿಡುವಾಗ ಪಿಎಫ್, ತೆರಿಗೆ ಕಾಗದ ಏನೆಲ್ಲ ನೋಡಿಕೊಳ್ಳಬೇಕು?

ಸುರತ್ಕಲ್ ಎಚ್‌ಆರ್

9 ಲಕ್ಷದ ಮಾತು ಬಂದರೆ ಅದನ್ನು ಹಗುರವಾಗಿ ತಳ್ಳಿಹಾಕಬೇಡಿ ಅಣ್ಣ, ಬಾಡಿಗೆ ಇಲ್ಲದ ಊರಲ್ಲಿ 9 ಅಂದರೆ ಬಿಜೈಯವರ ಲೆಕ್ಕದಲ್ಲಿ ಬೆಂಗಳೂರಿನ 11ಕ್ಕಿಂತ ಮೇಲೆಯೇ. ಆದರೆ ಮಾತಲ್ಲ, ಪತ್ರ ಬೇಕು: ಯಾವ ತಿಂಗಳಿನಿಂದ, ಫಿಕ್ಸೆಡ್ ಎಷ್ಟು, ಹುದ್ದೆಯ ಹೆಸರು ಏನು. "ಏಪ್ರಿಲ್‌ನಲ್ಲಿ ನೋಡುವ" ಅಂದರೆ ಅದು ಆಫರ್ ಅಲ್ಲ. ಮತ್ತೆ ನೀವು ಹೊರಡುವ ಕಾರಣ ಸಂಬಳವಾ, ಅಥವಾ 7 ವರ್ಷ ಒಂದೇ ಮೇಜಿನ ಮೇಲೆ ಒಂದೇ ಕೆಲಸ ಆಯಿತು ಅಂತಲಾ? ಎರಡನೆಯದಾದರೆ 9 ಲಕ್ಷ ಅದನ್ನು ಸರಿಮಾಡುವುದಿಲ್ಲ. ಈ ನಿರ್ಧಾರವನ್ನು ಬೆಂಗಳೂರಿನ ಆಫರ್‌ಗೆ ಸಹಿ ಹಾಕುವ ಮೊದಲೇ ಮನಸ್ಸಲ್ಲಿ ಮಾಡಿಕೊಳ್ಳಿ. ಸಹಿ ಹಾಕಿ ಸೇರುವ ವಾರದಲ್ಲಿ ಇಲ್ಲ ಅನ್ನುವುದು ತಪ್ಪು, ಅವರು ಮೂರು ತಿಂಗಳು ಬೇರೆ ಯಾರನ್ನೂ ನೋಡದೆ ಕಾದಿರುತ್ತಾರೆ.

ಪೇರೋಲ್ ಬಿಜೈ

ಕಾಗದದ ವಿಷಯ ನಾನು ಹೇಳುತ್ತೇನೆ. ನಮ್ಮ ಕಡೆ ಹೆಚ್ಚು ತೊಂದರೆ ಬರುವುದು ಹೆಸರಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪ್ಯಾನ್‌ನಲ್ಲಿ ಹಿಂದೆ ಶೆಟ್ಟಿಯೋ ಪೂಜಾರಿಯೋ ಸೇರಿರುತ್ತದೆ. ಯುಎಎನ್‌ನಲ್ಲಿ (ಪಿಎಫ್‌ನ ಖಾಯಂ ಸಂಖ್ಯೆ) ಇರುವ ಹೆಸರು, ಹುಟ್ಟಿದ ದಿನ ಆಧಾರ್‌ಗೆ ಅಕ್ಷರಕ್ಕೆ ಅಕ್ಷರ ಹೊಂದುತ್ತದಾ ಅಂತ ಇವತ್ತೇ ಲಾಗಿನ್ ಆಗಿ ನೋಡಿ. ತಿದ್ದುಪಡಿಗೆ ಈಗಿನ ಕಂಪನಿಯ ಒಪ್ಪಿಗೆ ಬೇಕಾದೀತು, ನೀವು ಅಲ್ಲಿ ಇರುವಾಗ ಒಂದು ದಿನದ ಕೆಲಸ, ಬಿಟ್ಟ ಮೇಲೆ ಬೆನ್ನು ಹತ್ತಿ ತಿರುಗಬೇಕು.

ಬಿಟ್ಟ ಮೇಲೆ ಕಂಪನಿ ನಿಮ್ಮ ಎಕ್ಸಿಟ್ ತಾರೀಕು ಹಾಕಬೇಕು. ಹಾಕದಿದ್ದರೆ ಕೊನೆಯ ಪಿಎಫ್ ಕಟ್ಟಿ 2 ತಿಂಗಳು ಆದ ಮೇಲೆ ನೀವೇ ಪೋರ್ಟಲಲ್ಲಿ ಹಾಕಬಹುದು. ತಾರೀಕು ಪೇ ಸ್ಲಿಪ್ ಮತ್ತು ರಿಲೀವಿಂಗ್ ಲೆಟರಿಗೆ ಹೊಂದಬೇಕು. ಹೊಸ ಕಂಪನಿಗೆ ಸೇರಿದ ದಿನದ ನಂತರ ಬಿದ್ದರೆ ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದ ಹಾಗೆ ಕಾಣುತ್ತದೆ, ಟ್ರಾನ್ಸ್‌ಫರ್ ಕೂಡ ಸಿಕ್ಕಿಬೀಳುತ್ತದೆ. ಪಿಎಫ್ ದುಡ್ಡು ತೆಗೆಯಬೇಡಿ, ಟ್ರಾನ್ಸ್‌ಫರ್ ಮಾಡಿ. ಪೆನ್ಶನ್‌ಗೆ 10 ವರ್ಷದ ಸರ್ವಿಸ್ ಬೇಕು, ನಿಮಗೆ 7 ಈಗಾಗಲೇ ಜಮೆ ಉಂಟು.

ತೆರಿಗೆಯಲ್ಲಿ ಒಂದೇ ಎಚ್ಚರಿಕೆ. ವರ್ಷದ ನಡುವೆ ಬದಲಿಸುವಾಗ ಹಳೆ ಕಂಪನಿಯ ಸಂಬಳ ಮತ್ತು ಕಡಿದ ಟಿಡಿಎಸ್ ವಿವರವನ್ನು ಹೊಸ ಕಂಪನಿಗೆ ಕೊಡಿ. ಕೊಡದಿದ್ದರೆ ಇಬ್ಬರೂ ಬೇರೆ ಬೇರೆಯಾಗಿ 75,000 ಡಿಡಕ್ಷನ್ ಮತ್ತು ರಿಬೇಟ್ ಕೊಟ್ಟು ತೆರಿಗೆ ಕಡಿಯದೆ ಬಿಡುತ್ತಾರೆ. ಗ್ರಾಚ್ಯುಟಿಗೆ ತೆರಿಗೆ ಇಲ್ಲ, ಆದರೆ ರಜೆಯ ದುಡ್ಡು, ಜಾಯಿನಿಂಗ್ ಬೋನಸ್ ಸೇರಿ ವರ್ಷದ ಒಟ್ಟು ಮಿತಿ ದಾಟಿದರೆ ಜುಲೈಯಲ್ಲಿ ರಿಟರ್ನ್ ಹಾಕುವಾಗ ಬಡ್ಡಿ ಸಮೇತ ಒಟ್ಟಿಗೆ ಕಟ್ಟಬೇಕು.

ಕೊನೆಯ ಲೆಕ್ಕದ ದುಡ್ಡಿಗೆ 45 ದಿನ ಕಾಯಿರಿ ಅನ್ನುವ ಹಳೆ ರೂಢಿ ಇದ್ದರೆ ನೆನಪಿಸಿ: 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಲ್ಲಿ ಉಂಟು, ರಾಜೀನಾಮೆ ಕೊಟ್ಟು ಹೊರಟವರ ಬಾಕಿ ವೇತನ 2 ಕೆಲಸದ ದಿನದಲ್ಲಿ ಕೊಡಬೇಕು. ಗ್ರಾಚ್ಯುಟಿಗೆ 30 ದಿನ. ಹೊರಡುವ ಮೊದಲು ಕಳೆದ 12 ತಿಂಗಳ ಪೇ ಸ್ಲಿಪ್, ಎಲ್ಲ ವರ್ಷದ ಫಾರಂ 16 (ಟಿಡಿಎಸ್ ಪ್ರಮಾಣಪತ್ರ), ಇನ್‌ಕ್ರಿಮೆಂಟ್ ಲೆಟರ್‌ಗಳನ್ನು ನಿಮ್ಮ ಸ್ವಂತ ಮೇಲ್‌ಗೆ ಇಳಿಸಿಕೊಳ್ಳಿ, ಕೊನೆಯ ದಿನ ಸಂಜೆ 6ಕ್ಕೆ ಲಾಗಿನ್ ಮುಚ್ಚಿದರೆ ಮತ್ತೆ ಸಿಗುವುದಿಲ್ಲ. ಕಂಪನಿಯ ಲೆಡ್ಜರ್, ಎಕ್ಸೆಲ್, ಗ್ರಾಹಕರ ಪಟ್ಟಿ ಮಾತ್ರ ಒಂದು ಹಾಳೆಯೂ ಬೇಡ.